ವರದಿಯ ಕೊನೆಯ ಸಾಲು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಯಾರೂ ಏನನ್ನೂ ಕದ್ದಿರಲಿಲ್ಲ, ಯಾರನ್ನೂ ಹೊಡೆದಿರಲಿಲ್ಲ, ಒಂದು ಕೆಟ್ಟ ಮಾತೂ ಆಡಿರಲಿಲ್ಲ. ಆದರೂ ದೂರು ಕೊಡಲು ಬಂದ ಹೆಂಗಸು ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ.

ಆಕೆ ಸಂಗೀತದ ಟೀಚರು. ವಯಸ್ಸು ನಲವತ್ತಾರು. ಮನೆಯ ಮುಂಗೋಣೆಯಲ್ಲೇ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಜೊತೆಗೆ ಬಂದಿದ್ದ ಅಣ್ಣ, ತಂಗಿಗೆ ಉಸಿರಾಡಲೂ ಬಿಡದೆ ತಾನೇ ಶುರುಮಾಡಿದ. ಇನ್ಸ್‌ಪೆಕ್ಟರ್ ಮೇಡಂ ಅವನ ಕಡೆಗೆ ಕುರ್ಚಿ ಸರಿಸಿದರು.

"ನೀವು ಕೂತ್ಕೊಳ್ಳಿ. ಫೋನ್ ಬಂದಿದ್ದು ಇವರಿಗಲ್ವಾ? ಇವರೇ ಹೇಳ್ಲಿ."

ಟೀಚರು ಹೇಳಿದ್ದು ಇಷ್ಟು. ಹಿಂದಿನ ಸಂಜೆ ಪಾಠ ಮುಗಿಯುವ ಹೊತ್ತಿಗೆ ಫೋನ್ ಬಂತು. ಹೆಣ್ಣು ದನಿ, ಮೆತ್ತಗಿನ ಮಾತು. ಹೋದ ವರ್ಷ ನೀವು ಬಚ್ಚಲಲ್ಲಿ ಜಾರಿ ಬಿದ್ದು ಯೂನಿವರ್ಸಿಟಿ ಆಸ್ಪತ್ರೆಗೆ ಹೋಗಿದ್ದಿರಿ, ಪಕ್ಕೆಲುಬು ಮುರಿದಿದೆಯಾ ಅಂತ ಎದೆಯ ಸ್ಕ್ಯಾನ್ ಮಾಡಿದರು, ಮುರಿದಿಲ್ಲ ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದರು, ಹೌದಲ್ಲವಾ ಎಂದು ಕೇಳಿತಂತೆ. ಹೌದು ಎಂದರು ಟೀಚರು. ಆಗ ಆ ದನಿ, ಅದೇ ವರದಿಯ ಕೊನೆಯಲ್ಲಿ ಇನ್ನೊಂದು ಸಾಲಿದೆ ಎಂದಿತು. ಬಲಗಡೆಯ ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟು, ಮೂರು ತಿಂಗಳೊಳಗೆ ಮತ್ತೆ ನೋಡಬೇಕು. ಅದನ್ನು ಯಾರೂ ನಿಮಗೆ ಹೇಳಿಲ್ಲ, ದಯವಿಟ್ಟು ಹೋಗಿ ತೋರಿಸಿಕೊಳ್ಳಿ. ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟಿತು.

"ನಾನು ಬಚ್ಚಲಲ್ಲಿ ಬಿದ್ದಿದ್ದು ನಮ್ಮಣ್ಣನಿಗೂ ಗೊತ್ತಿರ್ಲಿಲ್ಲ ಮೇಡಂ" ಎಂದರು ಟೀಚರು.

ಅಣ್ಣ ತಂಗಿಯ ಮುಖ ನೋಡಿದ. ಅದು ಅವನಿಗೆ ಈಗಷ್ಟೇ ಗೊತ್ತಾದ ವಿಷಯ.

ಎಫ್‌ಐಆರ್ ದಾಖಲಾಯಿತು. ಅಪರಿಚಿತ ಮಹಿಳೆಯ ವಿರುದ್ಧ, ರೋಗಿಯ ಖಾಸಗಿ ಮಾಹಿತಿಯನ್ನು ಅಕ್ರಮವಾಗಿ ಪಡೆದು ಬಳಸಿದ ಆರೋಪ. ಬರೆದವರು ಠಾಣೆಯ ಮುಖ್ಯಪೇದೆ. ಮಾತೂ ನಿಧಾನ, ನಡೆಯೂ ನಿಧಾನ, ಹಾಗಾಗಿ ಎಲ್ಲರ ಬಾಯಲ್ಲೂ ನಿಧಾನಪ್ಪ. ಇಂದು ಹೆದರಿಸಿದವರು ನಾಳೆ ಬಂದು ಕೈಚಾಚುತ್ತಾರೆ, ಎರಡನೇ ಫೋನಿಗೆ ಕಾಯೋಣ ಎಂಬುದು ಅವರ ಅಭಿಪ್ರಾಯ. ಇನ್ಸ್‌ಪೆಕ್ಟರಿಗೆ ಹಾಗನ್ನಿಸಲಿಲ್ಲ. ಹೆದರಿಸುವವರು ದಯವಿಟ್ಟು ಅನ್ನುವುದಿಲ್ಲ.

ಟೀಚರು ಹೊರಡುವ ಮುಂಚೆ ಇನ್ಸ್‌ಪೆಕ್ಟರ್ ಕೇಳಿದರು. "ಮತ್ತೆ ಸ್ಕ್ಯಾನ್ ಮಾಡಿಸ್ತೀರಾ?"

"ಇಲ್ಲ ಮೇಡಂ. ಮಾಡಿಸಿದ್ರೆ ನಿಜ ಆಗ್ಬಿಡುತ್ತೇನೋ ಅಂತ ಭಯ."

"ಮಾಡ್ಸಿ. ಬೇರೆ ಆಸ್ಪತ್ರೇಲಿ ಮಾಡ್ಸಿ. ಆ ಹೆಂಗಸು ಹೇಳಿದ್ದು ಸುಳ್ಳೋ ನಿಜವೋ ನನಗೂ ಬೇಕು. ಇದು ತನಿಖೆಗೆ ಅಂತಾನೇ ಅಂದ್ಕೊಳ್ಳಿ."

ತನಿಖೆಗೆ ಅಂದ ಮೇಲೆ ಟೀಚರಿಗೂ ಧೈರ್ಯ ಬಂತು. ಶುಕ್ರವಾರ ಫಲಿತಾಂಶ ಕೈಗೆ ಬಂತು. ಗಂಟು ಇದ್ದದ್ದು ನಿಜ. ಒಂದು ವರ್ಷದಲ್ಲಿ ಬೆಳೆದಿತ್ತು, ಆದರೆ ಕೈಮೀರಿರಲಿಲ್ಲ. ಇನ್ನು ಆರು ತಿಂಗಳು ಬಿಟ್ಟಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದರಂತೆ ಡಾಕ್ಟರು.

ಅಷ್ಟರಲ್ಲಿ ಫೋನ್ ಬಂದ ಜಾಗವೂ ಸಿಕ್ಕಿತ್ತು. ಅದೊಂದು ಸ್ಥಿರ ದೂರವಾಣಿ, ಖಾಸಗಿ ವಿಶ್ವವಿದ್ಯಾಲಯದ ಟೆನಿಸ್ ಅಂಗಳದ ಪಕ್ಕದ ಕೋಣೆಯಲ್ಲಿ ಇದ್ದದ್ದು. ಇನ್ಸ್‌ಪೆಕ್ಟರ್ ಅಲ್ಲಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿಸಿದರು. ತಂತಿ ಸಡಿಲವಾದ ರ‍್ಯಾಕೆಟ್ಟುಗಳ ರಾಶಿ, ಬೆವರಿನ ವಾಸನೆ, ಮೇಜಿನ ಮೂಲೆಯಲ್ಲಿ ಬೂದುಬಣ್ಣದ ಹಳೇ ಫೋನು. ಬಾಗಿಲಿಗೆ ಚಿಲಕವಿತ್ತು, ಬೀಗವಿರಲಿಲ್ಲ. ವಿಶ್ವವಿದ್ಯಾಲಯ, ಅದರ ಆಸ್ಪತ್ರೆ ಎರಡೂ ಒಂದೇ ಆವರಣದಲ್ಲಿದ್ದವು. ಹಾಗಾಗಿ ಇಲ್ಲಿ ಆಡಲು ಡಾಕ್ಟರು, ನರ್ಸು, ವಿದ್ಯಾರ್ಥಿ, ಗುಮಾಸ್ತ ಎಲ್ಲರೂ ಬರುತ್ತಾರೆ, ಯಾರು ಯಾವಾಗ ಫೋನ್ ಮಾಡಿದರೋ ದೇವರಿಗೇ ಗೊತ್ತು ಎಂದ ತರಬೇತುದಾರ.

ಆ ಫೋನಿನಿಂದ ಹೋದ ಕರೆಗಳ ವಿವರ ತರಿಸಿ ನೋಡುವ ಕೆಲಸ ಕಿರಿಯ ಮಹಿಳಾ ಪೇದೆಯ ಪಾಲಿಗೆ ಬಂತು. ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದವಳಾದ್ದರಿಂದ ಠಾಣೆಯಲ್ಲಿ ಅವಳಿಗೆ ಸೈನ್ಸು ಎಂದೇ ಹೆಸರು. ಪಿಜ್ಜಾ ಅಂಗಡಿಗೆ, ಹಾಸ್ಟೆಲಿಗೆ ಹೋದ ಕರೆಗಳನ್ನೆಲ್ಲ ಬದಿಗಿಟ್ಟ ಮೇಲೆ ಕೆಲವು ವಿಚಿತ್ರ ಕರೆಗಳು ಉಳಿದವು. ಒಂದು ಹೊಲಿಗೆ ಅಂಗಡಿ, ಒಂದು ಫೋಟೋ ಸ್ಟುಡಿಯೋ, ಒಬ್ಬ ಕೊಳಾಯಿ ರಿಪೇರಿಯವನು, ಒಂದು ಡ್ರೈವಿಂಗ್ ಸ್ಕೂಲು. ಸೈನ್ಸು ಡ್ರೈವಿಂಗ್ ಸ್ಕೂಲೊಂದನ್ನು ಬಿಟ್ಟು ಉಳಿದವರನ್ನು ಒಬ್ಬೊಬ್ಬರಾಗಿ ಮಾತಾಡಿಸಿಕೊಂಡು ಬಂದಳು. ಎಲ್ಲರಿಗೂ ಬಂದದ್ದು ಅದೇ ಮೆತ್ತಗಿನ ದನಿ, ಅದೇ ಮಾತು. ಕೆಲವರು ಹೋಗಿ ತೋರಿಸಿಕೊಂಡಿದ್ದರು. ಕೊಳಾಯಿಯವನು ಯಾರೋ ತಮಾಷೆ ಮಾಡುತ್ತಿದ್ದಾರೆಂದು ನಕ್ಕು ಮರೆತುಬಿಟ್ಟಿದ್ದ. ಯಾರ ಹತ್ತಿರವೂ ಆಕೆ ಏನನ್ನೂ ಕೇಳಿರಲಿಲ್ಲ, ಎರಡನೇ ಸಲ ಫೋನೂ ಮಾಡಿರಲಿಲ್ಲ.

"ಇವಳಿಗೆ ಬೇಕಾಗಿರೋದಾದ್ರೂ ಏನು ಮೇಡಂ?" ಎಂದರು ನಿಧಾನಪ್ಪ. ಅಷ್ಟು ಹೊತ್ತಿಗೆ ಅವರ ಕೈಚಾಚುವ ಸಿದ್ಧಾಂತ ಬಿದ್ದುಹೋಗಿತ್ತು.

ಉಳಿದದ್ದು ಡ್ರೈವಿಂಗ್ ಸ್ಕೂಲು. ಅಲ್ಲಿಯ ಮೇಷ್ಟ್ರು ಸಿಕ್ಕಿದ್ದು ಬೇರೊಂದು ಆಸ್ಪತ್ರೆಯ ಮಂಚದ ಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು. ಎರಡು ವಾರದ ಹಿಂದೆ ಅವರಿಗೂ ಆ ಫೋನ್ ಬಂದಿತ್ತು. ರಸ್ತೆಯ ಗದ್ದಲದಲ್ಲಿ ಮೊದಲ ಪ್ರಶ್ನೆ ಸರಿಯಾಗಿ ಕೇಳಿಸದೆ ಹೂಂ ಎಂದಿದ್ದರು. ಎದೆಯಲ್ಲಿ ಗಂಟಿದೆ ಎಂದು ಕೇಳಿದ್ದೇ ತಡ, ಮನುಷ್ಯ ಅರ್ಧ ಪ್ರಾಣವಾದರು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಮೂರನೇ ದಿನ ಮಹಡಿ ಮೆಟ್ಟಿಲಿಳಿಯುತ್ತ ಯಾವ ಯೋಚನೆಯಲ್ಲಿದ್ದರೋ, ಕಾಲು ತಪ್ಪಿ ಕೆಳಗೆ ಬಿದ್ದರು. ಎರಡು ಕಡೆ ಮೂಳೆ ಮುರಿದಿತ್ತು.

ಮೇಷ್ಟ್ರು ಸಿಟ್ಟಿನಲ್ಲಿದ್ದರು. "ಇಲ್ಲಿ ನನ್ನ ಎದೇನೂ ನೋಡಿದ್ರು ಮೇಡಂ. ಏನೂ ಇಲ್ಲ. ಕಲ್ಲಿನ ಹಾಗಿದೆ ಅಂದ್ರು. ನಾನು ಆ ಯೂನಿವರ್ಸಿಟಿ ಆಸ್ಪತ್ರೆ ಮೆಟ್ಟಿಲೂ ಹತ್ತಿದವನಲ್ಲ."

"ಹತ್ತೇ ಇಲ್ವಾ?"

"ಜನ್ಮದಲ್ಲೇ ಇಲ್ಲ."

ಇನ್ಸ್‌ಪೆಕ್ಟರ್ ಮಂಚದ ಪಕ್ಕದ ಸ್ಟೂಲು ಎಳೆದುಕೊಂಡು ಕೂತರು. ಅಲ್ಲಿಯವರೆಗೆ ಅವರ ಸಂಶಯವೆಲ್ಲ ಆಸ್ಪತ್ರೆಯ ಸಿಬ್ಬಂದಿಯ ಮೇಲಿತ್ತು. ಆದರೆ ಆಸ್ಪತ್ರೆಯವರ ಮುಂದೆ ರೋಗಿಯ ಹೆಸರಿರುತ್ತದೆ, ವಿಳಾಸವಿರುತ್ತದೆ, ಫೋನ್ ನಂಬರಿರುತ್ತದೆ. ಹೆಸರು ನೋಡಿ ಫೋನ್ ಮಾಡುವವರು ಆಸ್ಪತ್ರೆಗೇ ಬಾರದ ಮನುಷ್ಯನಿಗೆ ಫೋನ್ ಮಾಡುವುದು ಹೇಗೆ? ಈಕೆಗೆ ಹೆಸರು ಗೊತ್ತಿಲ್ಲ. ವಯಸ್ಸು, ಬಡಾವಣೆ, ಕಸುಬು ಗೊತ್ತು. ಅಷ್ಟನ್ನು ಹಿಡಿದುಕೊಂಡು ಮನುಷ್ಯರನ್ನು ಹುಡುಕುತ್ತಿದ್ದಾಳೆ. ಅದಕ್ಕೇ ಫೋನ್ ಬಂದದ್ದೆಲ್ಲ ಬೋರ್ಡು ಹಾಕಿಕೊಂಡು ಕಸುಬು ಮಾಡುವವರಿಗೆ.

"ಮೇಷ್ಟ್ರೇ, ನಿಮ್ಮ ವಯಸ್ಸೆಷ್ಟು?"

"ಐವತ್ತೆರಡು."

"ಸ್ಕೂಲಲ್ಲಿ ನಿಮ್ಮ ವಯಸ್ಸಿನವರು ಬೇರೆ ಯಾರಾದ್ರೂ ಕಲಿಸ್ತಾರಾ?"

"ನನ್ನ ಪಾರ್ಟ್‌ನರ್ ಇದಾನೆ. ಒಂದೇ ಕ್ಲಾಸಲ್ಲಿ ಓದಿದವರು ನಾವು."

"ಅವರೇನಾದ್ರೂ ಹೋದ ವರ್ಷ ಬಿದ್ದಿದ್ರಾ?"

ಮೇಷ್ಟ್ರ ಮುಖದ ಸಿಟ್ಟು ನಿಧಾನವಾಗಿ ಇಳಿಯಿತು. ಬೋರ್ಡಿಗೆ ಬಣ್ಣ ಹಚ್ಚಲು ಹೋಗಿ ಏಣಿಯಿಂದ ಬಿದ್ದಿದ್ದ ಎಂದರು. ಅವನ ಮನೆಯವರು ಯೂನಿವರ್ಸಿಟಿ ಆಸ್ಪತ್ರೆಗೇ ಸೇರಿಸಿದ್ದರು ಎಂದರು.

ಇನ್ಸ್‌ಪೆಕ್ಟರ್ ಕಾರಿಡಾರಿಗೆ ಬಂದು ಆ ಆಸ್ಪತ್ರೆಯ ಮೇಲ್ವಿಚಾರಕ ವೈದ್ಯರಿಗೆ ಫೋನ್ ಮಾಡಿದರು. ಇಂಥ ತಿಂಗಳು, ಇಂಥ ರೋಗಿ, ಎದೆಯ ಸ್ಕ್ಯಾನ್ ವರದಿ ತೆಗೆದು ಕೊನೆಯವರೆಗೂ ಓದಿ ಎಂದರು. ಆ ಕಡೆ ಕೀಬೋರ್ಡ್ ಒತ್ತುವ ಸದ್ದು. ಆಮೇಲೆ ವೈದ್ಯರು, ಇದೆ, ಬರೆದಿದ್ದಾರೆ, ಎಮರ್ಜೆನ್ಸಿಯವರು ಮೂಳೆ ನೋಡಿ ಕಳಿಸಿಬಿಟ್ಟಿದ್ದಾರೆ ಎಂದರು.

"ಅವರು ನಿಮ್ಮ ರೋಗಿ. ಇವತ್ತು ಸಂಜೆಯೊಳಗೆ ನೀವೇ ಕರೆದು ಹೇಳ್ಬೇಕು. ಹೇಳಿದ್ಮೇಲೆ ನನಗೆ ತಿಳಿಸಿ" ಎಂದು ಇನ್ಸ್‌ಪೆಕ್ಟರ್ ಫೋನಿಟ್ಟರು.

ಇನ್ನು ಹೆಸರಿಲ್ಲದ ಮಾಹಿತಿ ಯಾರ ಬಳಿ ಇರುತ್ತದೆಂದು ಹುಡುಕುವುದು ಕಷ್ಟವಾಗಲಿಲ್ಲ. ಆಸ್ಪತ್ರೆ ತನ್ನ ರೋಗಿಗಳ ಕಡತಗಳನ್ನು ಹೆಸರು, ವಿಳಾಸ ತೆಗೆದುಹಾಕಿ ವಿಶ್ವವಿದ್ಯಾಲಯದ ಹೆಲ್ತ್ ಇನ್ಫರ್ಮ್ಯಾಟಿಕ್ಸ್ ವಿಭಾಗಕ್ಕೆ ಕೊಡುತ್ತಿತ್ತು. ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಹೇಗೆ ಇಡಬೇಕು, ಅದರಿಂದ ಚಿಕಿತ್ಸೆಗೆ ಏನು ಕಲಿಯಬಹುದು, ಅದನ್ನು ಹೇಗೆ ಗುಟ್ಟಾಗಿ ಕಾಪಾಡಬೇಕು ಎಂಬುದೇ ಅಲ್ಲಿಯ ಓದು. ಮೂರನೇ ಮಹಡಿಯಲ್ಲಿ ಗಾಜಿನ ಗೋಡೆಯ ಪ್ರಯೋಗಾಲಯ. ಒಳಗೆ ಹೋಗುವವರು ಮೊಬೈಲನ್ನು ಹೊರಗಿನ ಕಪಾಟಿನಲ್ಲಿಟ್ಟು ಹೋಗಬೇಕು. ಇನ್ಸ್‌ಪೆಕ್ಟರೂ ಇಟ್ಟರು, ನಿಧಾನಪ್ಪನವರೂ ಇಟ್ಟರು.

ವಿಭಾಗದ ಮುಖ್ಯಸ್ಥೆ ತಲೆ ನರೆತ ಪ್ರೊಫೆಸರ್. ಏನನ್ನೂ ಮುಚ್ಚಿಡುವ ಜಾತಿಯಲ್ಲ. ಸಂಗೀತದ ಟೀಚರ ಕಡತವನ್ನು ತಾವೇ ಪರದೆಯ ಮೇಲೆ ತೆಗೆದು ತೋರಿಸಿದರು. ಹೆಸರಿರಬೇಕಾದ ಕಡೆ ಬರೀ ಅಂಕಿಗಳು, ವಿಳಾಸವಿರಬೇಕಾದ ಕಡೆ ಬಡಾವಣೆ ಮಾತ್ರ. ಆದರೆ ಕೆಳಗೆ ಡಾಕ್ಟರು ಅವಸರದಲ್ಲಿ ಬರೆದದ್ದು ಹಾಗೇ ಉಳಿದಿತ್ತು. ನಲವತ್ತೈದರ ಮಹಿಳೆ, ಬಚ್ಚಲಲ್ಲಿ ಬಿದ್ದಿದ್ದಾರೆ, ಸಂಗೀತ ಶಿಕ್ಷಕಿ, ಹಾಡುವಾಗ ನೋವು ಹೆಚ್ಚು.

"ಹೆಸರು ತೆಗೆದ್ವಿ. ಆದ್ರೆ ಆ ಮನುಷ್ಯ ಇನ್ನೂ ಒಳಗೇ ಇದಾನೆ" ಎಂದರು ಪ್ರೊಫೆಸರ್. "ನಾನು ಇದನ್ನೇ ಪಾಠ ಮಾಡೋದು. ಹೆಸರಿಲ್ಲದ ಕಡತದಿಂದ ಮನುಷ್ಯನನ್ನು ಎಷ್ಟು ಸುಲಭವಾಗಿ ಕಂಡುಹಿಡೀಬಹುದು ಅಂತ ಮಕ್ಕಳಿಗೆ ತೋರಿಸ್ತೀನಿ. ಎಚ್ಚರವಾಗಿರ್ಲಿ ಅಂತ."

"ತೋರಿಸೋದು ಹೇಗೆ?"

ಕಲ್ಪಿತ ಊರೊಂದರ ಕಡತಗಳನ್ನು ಕೊಟ್ಟು, ಇದರಲ್ಲಿ ಎಷ್ಟು ಜನರನ್ನು ಗುರುತಿಸಬಲ್ಲಿರಿ ಎಂದು ಪರೀಕ್ಷೆ ಇಡುತ್ತಾರಂತೆ. ಈ ವರ್ಷವೂ ಇಟ್ಟಿದ್ದರು. ಯಾರು ಎಷ್ಟು ಜನರನ್ನು ಗುರುತಿಸಿದರು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಕೆಲವರು ಹತ್ತು, ಕೆಲವರು ಹದಿನೈದು, ತೀರಾ ದಡ್ಡರಾದವರೂ ನಾಲ್ಕೈದು ಜನರನ್ನು ಹಿಡಿದಿದ್ದರು. ಒಬ್ಬಳು ಮಾತ್ರ ಒಬ್ಬರನ್ನೂ ಗುರುತಿಸಲಾಗಲಿಲ್ಲ ಎಂದು ಖಾಲಿ ಉತ್ತರ ಕೊಟ್ಟಿದ್ದಳು.

"ಅವಳು ಓದಿನಲ್ಲಿ ಹೇಗೆ?"

 ಪ್ರೊಫೆಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕ್ಲಾಸಿಗೇ ಮೊದಲು" ಎಂದರು.

ನಿಧಾನಪ್ಪ ತಲೆಯೆತ್ತಿದರು. ದಡ್ಡರಿಗೂ ಸಿಕ್ಕವರು ಎಲ್ಲರಿಗಿಂತ ಜಾಣೆಗೆ ಸಿಗದಿರಲು ಒಂದೇ ಕಾರಣವಿತ್ತು. ತನಗೆ ಆ ವಿದ್ಯೆ ಬರುತ್ತದೆಂದು ಯಾರಿಗೂ ತೋರಿಸುವುದು ಅವಳಿಗೆ ಬೇಕಿರಲಿಲ್ಲ.

ಉಳಿದದ್ದನ್ನು ಪ್ರೊಫೆಸರೇ ಹೇಳಿದರು. ಆ ವಿದ್ಯಾರ್ಥಿನಿಗೆ ಮೂವತ್ತೊಂದು ವರ್ಷ. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು, ಓದಬೇಕೆಂದು ಇಲ್ಲಿಗೆ ಬಂದವಳು. ಹೋದ ಸೆಮಿಸ್ಟರಿನಲ್ಲಿ ಅವಳೇ ಈ ಗಂಟುಗಳ ವಿಷಯ ಎತ್ತಿದ್ದಳು. ಬಿದ್ದು ಬಂದವರ ಸ್ಕ್ಯಾನ್ ವರದಿಗಳನ್ನು ಒಟ್ಟಿಗೆ ಓದುವಾಗ, ಕೊನೆಯ ಸಾಲನ್ನು ಯಾರೂ ಓದದೆ ಮನೆಗೆ ಕಳಿಸಿದ ರೋಗಿಗಳು ಒಬ್ಬರಲ್ಲ, ಹಲವರಿದ್ದಾರೆಂದು ಕಂಡುಕೊಂಡಿದ್ದಳು. ಅವರಿಗೆ ತಿಳಿಸಬೇಕೆಂದು ಅರ್ಜಿ ಕೊಟ್ಟಳು. ಪ್ರೊಫೆಸರ್ ಅದನ್ನು ವಿಶ್ವವಿದ್ಯಾಲಯದ ಸಮಿತಿಯ ಮುಂದಿಟ್ಟರು. ಹೆಸರೇ ಇಲ್ಲದ ಮೇಲೆ ತಿಳಿಸುವುದು ಯಾರಿಗೆ, ಹೆಸರು ಹುಡುಕುವುದು ನಿಯಮಕ್ಕೆ ವಿರುದ್ಧ ಎಂದಿತು ಸಮಿತಿ. ಆಸ್ಪತ್ರೆಯವರನ್ನು ಕೇಳಿ ಎಂದರೆ, ಮುಂದಿನ ಸಭೆಯಲ್ಲಿ ನೋಡೋಣ ಎಂದಿತು. ಮುಂದಿನ ಸಭೆಯೂ ಅದನ್ನೇ ಹೇಳಿತು.

"ನಾನು ಜಗಳ ಆಡ್ಬೇಕಿತ್ತು. ಕಾಯೋಣ ಅಂತ ಅವಳಿಗೆ ಹೇಳ್ದೆ" ಎಂದರು ಪ್ರೊಫೆಸರ್.

ಬುಧವಾರ ಮಧ್ಯಾಹ್ನ ವಿದ್ಯಾರ್ಥಿನಿಯನ್ನು ಠಾಣೆಗೆ ಕರೆಸಿದರು. ತೆಳ್ಳಗಿನ ಹೆಣ್ಣುಮಗಳು, ಬಿಗಿಯಾಗಿ ಕಟ್ಟಿದ ಕೂದಲು. ಪರದೆಯ ಈಚೆ ಸಂಗೀತದ ಟೀಚರು ದನಿ ಗುರುತಿಸಲು ಕೂತಿದ್ದರು. ಆಚೆಯಿಂದ ಐದು ಮಂದಿ ಹೆಂಗಸರು ಒಬ್ಬೊಬ್ಬರಾಗಿ ಒಂದೇ ಬಸ್ ವೇಳಾಪಟ್ಟಿಯನ್ನು ಓದಿದರು. ಅದರಲ್ಲಿ ಸೈನ್ಸೂ ಒಬ್ಬಳು. ನಾಲ್ಕನೆಯವಳಾಗಿ ಆ ವಿದ್ಯಾರ್ಥಿನಿ ಬಾಯಿ ತೆರೆದು ಎರಡು ಊರಿನ ಹೆಸರು ಓದುವಷ್ಟರಲ್ಲಿ ಟೀಚರು ಕೈಯೆತ್ತಿದರು. ಆದರೆ ಅವರ ಮುಖದಲ್ಲಿ ಗೆದ್ದ ಸಂತೋಷವಿರಲಿಲ್ಲ. ದೂರು ವಾಪಸ್ ತೆಗೆದುಕೊಳ್ಳಬಹುದಾ ಎಂದು ಕೇಳಿದರು. ಆಗುವುದಿಲ್ಲ ಎಂದು ಇನ್ಸ್‌ಪೆಕ್ಟರ್ ತಿಳಿಸಿ ಹೇಳಿದರು. ಬೇಕಾದರೆ ನ್ಯಾಯಾಲಯದಲ್ಲಿ ನಿಮಗನ್ನಿಸಿದ್ದನ್ನು ಹೇಳಿ, ಅದಕ್ಕೆ ಅಡ್ಡಿಯಿಲ್ಲ ಎಂದರು.

ವಿಚಾರಣೆ ಬಹಳ ಹೊತ್ತು ನಡೆಯಲಿಲ್ಲ.

"ಫೋನ್ ಮಾಡಿದ್ದು ನೀನೇನಾ?"

"ನಾನೇ ಮೇಡಂ."

"ಯಾರಾದ್ರೂ ಸಹಾಯ ಮಾಡಿದ್ರಾ?"

"ಇಲ್ಲ. ಮಾಹಿತಿ ಹೊರಗೆ ತಗೊಂಡು ಹೋಗಿದ್ದೂ ನಾನೇ. ತಲೇಲಿ ಇಟ್ಕೊಂಡು ಹೋಗಿ ರೂಮಲ್ಲಿ ಟೈಪ್ ಮಾಡ್ತಿದ್ದೆ. ಮೊಬೈಲ್ ಬಿಡಲ್ವಲ್ಲ."

"ಅಪರಾಧ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಆ ನಿಯಮ ಸರಿ ಅಂತಾನೂ ಗೊತ್ತು. ನಾಳೆ ಇದೇ ಕೆಲಸಾನ ಕೆಟ್ಟವರು ಮಾಡಬಹುದು. ಆದ್ರೆ ಇವರಿಗೆ ಟೈಮ್ ಇರ್ಲಿಲ್ಲ."

ಅವಳ ದನಿಯಲ್ಲಿ ಅಳುಕಿರಲಿಲ್ಲ. ಇಷ್ಟು ನೆಟ್ಟಗೆ ಕೂತು ಉತ್ತರಿಸುವ ಆರೋಪಿಯನ್ನು ಇನ್ಸ್‌ಪೆಕ್ಟರ್ ನೋಡಿ ಬಹಳ ವರ್ಷವಾಗಿತ್ತು. ಡ್ರೈವಿಂಗ್ ಸ್ಕೂಲಿನ ವಿಷಯವನ್ನು ಅವರು ಕೊನೆಗೆ ಉಳಿಸಿಕೊಂಡಿದ್ದರು. ಈಗ ಹೇಳಿದರು. ನೀನು ಫೋನ್ ಮಾಡಿದ ಮೇಷ್ಟ್ರಿಗೆ ಗಂಟಿಲ್ಲ. ಗಂಟಿರುವುದು ಅವರ ಪಾರ್ಟ್‌ನರಿಗೆ. ಇವರು ಭಯದಲ್ಲಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಪಾರ್ಟ್‌ನರಿಗೆ ಗೊತ್ತೇ ಇರಲಿಲ್ಲ.

ಅವಳ ನೆಟ್ಟಗಿನ ಬೆನ್ನು ಮೊದಲ ಸಲ ಬಾಗಿತು.  ಆಮೇಲೆ, "ಪಾರ್ಟ್‌ನರಿಗೆ ಹೇಳಿದ್ರಾ?" ಎಂದಳು.

"ಹೇಳಿದಾರೆ. ಆಸ್ಪತ್ರೆಯವರೇ."

"ಮೇಷ್ಟ್ರ ಕಾಲಿಗೆ ನಾನೇ ಹೊಣೆ. ಅದನ್ನ ಸೇರಿಸಿ ಬರ್ಕೊಳ್ಳಿ ಮೇಡಂ."

ಹಾಸ್ಟೆಲ್ ವಾರ್ಡನ್ ಮತ್ತು ಪ್ರಯೋಗಾಲಯದ ತಂತ್ರಜ್ಞ ಪಂಚರಾಗಿ, ಅವಳ ಕೋಣೆಯಲ್ಲಿ ಜಪ್ತಿ ಪಂಚನಾಮೆ ನಡೆಯಿತು. ಲ್ಯಾಪ್‌ಟಾಪ್ ವಶಕ್ಕೆ ಬಂತು. ಗುರುವಾರ ಬೆಳಿಗ್ಗೆ ಬಂಧನ ದಾಖಲಾಯಿತು. ಅವಳು ಕೇಳಿಕೊಂಡದ್ದು ಒಂದೇ. ಇನ್ನೂ ಕೆಲವರಿಗೆ ಫೋನ್ ಮಾಡುವುದು ಬಾಕಿಯಿತ್ತು, ಅವರನ್ನು ಹುಡುಕಲು ಅವಳಿಗೆ ಆಗಿರಲಿಲ್ಲ. ಇನ್ಸ್‌ಪೆಕ್ಟರ್ ಮೇಲ್ವಿಚಾರಕ ವೈದ್ಯರನ್ನು ಠಾಣೆಗೇ ಕರೆಸಿ, ಕಡತದ ಅಂಕಿಗಳನ್ನು ಕೊಟ್ಟು, ಅವು ಯಾರವೆಂದು ಆಸ್ಪತ್ರೆಯ ದಾಖಲೆಯಲ್ಲಿ ಹುಡುಕಿಸಿ, ಅವರಿಗೆಲ್ಲ ಆಸ್ಪತ್ರೆಯಿಂದಲೇ ತಿಳಿಸುವಂತೆ ಮಾಡಿದರು. ಕೊಳಾಯಿಯವನಿಗೆ ಮಾತ್ರ ಸೈನ್ಸು ಖುದ್ದಾಗಿ ಹೋಗಿ, ಇದು ತಮಾಷೆಯಲ್ಲ ಎಂದು ಯೂನಿಫಾರ್ಮಿನಲ್ಲೇ ನಿಂತು ಹೇಳಿ, ಆಸ್ಪತ್ರೆಗೆ ಆಟೋ ಹತ್ತಿಸಿ ಬಂದಳು. ಆಸ್ಪತ್ರೆಯ ನಿರ್ಲಕ್ಷ್ಯದ ಬಗ್ಗೆ ಪ್ರತ್ಯೇಕ ತನಿಖೆಯಾಗಬೇಕೆಂದು ಇನ್ಸ್‌ಪೆಕ್ಟರ್ ಅಂದೇ ಮೇಲಧಿಕಾರಿಗಳಿಗೆ ವರದಿ ಕಳಿಸಿದರು.

ಬಂಧನದ ವಿಷಯವನ್ನು ಹತ್ತಿರದವರಿಗೆ ತಿಳಿಸಬೇಕು. ಯಾರಿಗೆ ಎಂದು ಕೇಳಿದಾಗ ಅವಳು ಭಾವನಿಗೆ ಎಂದಳು. ಅಕ್ಕ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಹಾಗೆಂದವಳೇ, ಅಲ್ಲಿಯವರೆಗೆ ಹೇಳದೆ ಇದ್ದದ್ದನ್ನು ಹೇಳಿದಳು.

ಓದಿನ ಮೊದಲ ಸೆಮಿಸ್ಟರಿನಲ್ಲಿ ಪರದೆಯ ಮೇಲೆ ಅವಳಿಗೆ ಒಂದು ಕಡತ ಕಂಡಿತ್ತು. ಮೂವತ್ತೈದರ ಮಹಿಳೆ, ಮಗಳನ್ನು ಉಯ್ಯಾಲೆಯಲ್ಲಿ ತೂಗುವಾಗ ಹಲಗೆ ಬಡಿದು ಪಕ್ಕೆಗೆ ಪೆಟ್ಟು, ಮೂಳೆ ಮುರಿದಿಲ್ಲ. ಹೆಸರು ಬೇಕಿರಲಿಲ್ಲ. ಆ ಉಯ್ಯಾಲೆ ಭಾವನ ಮನೆಯ ಹಿತ್ತಿಲಲ್ಲಿ ಇನ್ನೂ ಇತ್ತು. ಕೆಳಗೆ ಓದುತ್ತ ಹೋದರೆ ಗಂಟಿನ ಸಾಲು. ಅಕ್ಕನ ಕಾಯಿಲೆ ಗೊತ್ತಾದದ್ದು ಅದಾದ ಒಂದೂವರೆ ವರ್ಷಕ್ಕೆ, ಏನೂ ಮಾಡಲಾಗದ ಹೊತ್ತಿಗೆ. ಮೊದಲೇ ತಿಳಿಯುವ ದಾರಿಯೇ ಇರಲಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದ್ದರು.

"ಅಕ್ಕನಿಗೆ ಯಾರೂ ಫೋನ್ ಮಾಡ್ಲಿಲ್ಲ ಮೇಡಂ" ಎಂದಳು. ಇನ್ಸ್‌ಪೆಕ್ಟರ್ ಅದನ್ನು ಹಾಗೆಯೇ ಹೇಳಿಕೆಯಲ್ಲಿ ಬರೆಸಿದರು.

ಭಾವ ಇದೇ ಊರಿನ ಸಿಟಿ ಬಸ್ ಡ್ರೈವರ್. ಪಾಳಿ ಬಿಟ್ಟು ಖಾಕಿಯಲ್ಲೇ ಬಂದ. ಹೇಳಿಕೆಯಲ್ಲಿ ಇರುವುದು ಹೇಗೂ ನ್ಯಾಯಾಲಯದಲ್ಲಿ ಅವನ ಕಿವಿಗೆ ಬೀಳುತ್ತದೆ, ಅದಕ್ಕಿಂತ ಮೊದಲು ನೀನೇ ಹೇಳು ಎಂದು ಇನ್ಸ್‌ಪೆಕ್ಟರ್ ಅವಳಿಗೆ ಹೇಳಿದ್ದರು. ಅವಳು ಹೇಳಿದಳು. ಅವನು ಗೋಡೆಗೊರಗಿ ನಿಂತೇ ಕೇಳಿದ.

"ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಹೇಳಿದ್ರೆ ದಿನಾ ಆ ಆಸ್ಪತ್ರೆ ಮುಂದೆ ಬಸ್ ನಿಲ್ಲಿಸ್ಬೇಕಲ್ಲ ಭಾವ ನೀವು."

ಅವನು ಬೆಂಚಿನ ಮೇಲೆ ಅವಳ ಪಕ್ಕ ಬಂದು ಕೂತ. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದ. ನೀನು ಫೋನ್ ಮಾಡಿದವರೆಲ್ಲ ಹೋಗಿ ತೋರಿಸಿಕೊಂಡರಾ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಹೇಳಿ ಫೋನಿಡುತ್ತಿದ್ದಳೇ ಹೊರತು ಮತ್ತೆ ಯಾರನ್ನೂ ವಿಚಾರಿಸಿರಲಿಲ್ಲ. ಇಬ್ಬರೂ ಇನ್ಸ್‌ಪೆಕ್ಟರ್ ಮುಖ ನೋಡಿದರು.

ಆರೋಪಿಗೆ ಸಾಕ್ಷಿಗಳ ಆರೋಗ್ಯದ ಸುದ್ದಿ ಹೇಳಬೇಕೆಂದು ಯಾವ ಕಾನೂನಿನಲ್ಲೂ ಇರಲಿಲ್ಲ. ಹೇಳಿದರೆ ಅದೂ ತಪ್ಪೇ. ಇನ್ಸ್‌ಪೆಕ್ಟರ್ ಯಾರ ಹೆಸರನ್ನೂ, ಯಾರ ಕಸುಬನ್ನೂ ಎತ್ತಲಿಲ್ಲ.

"ಹೋಗಿದಾರೆ. ಹೊತ್ತಿಗೆ ಸರಿಯಾಗಿ ಡಾಕ್ಟರ ಕೈಗೆ ಸಿಕ್ಕಿದಾರೆ" ಎಂದಷ್ಟೇ ಹೇಳಿ ಟೋಪಿ ಎತ್ತಿಕೊಂಡರು.

ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಹೊತ್ತಾಗಿತ್ತು. ನಿಧಾನಪ್ಪ ವ್ಯಾನಿನ ಬಾಗಿಲು ತೆರೆದು ಹಿಡಿದು, ಅವಸರವಿಲ್ಲದೆ ಕಾದರು. ಭಾವ ಮೆಟ್ಟಿಲವರೆಗೆ ಬಂದ. ಮಗಳು ಶಾಲೆಯಿಂದ ಬರುವ ಹೊತ್ತು, ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನೇರ ಕೋರ್ಟಿಗೆ ಬರುತ್ತೇನೆ, ಜಾಮೀನಿಗೆ ಸಹಿ ನಾನೇ ಹಾಕುತ್ತೇನೆ ಎಂದ. ಅವಳು ತಲೆಯಾಡಿಸಿ ವ್ಯಾನ್ ಹತ್ತಿದಳು.

"ಸಿಟ್ಟು ಯಾರ ಮೇಲೆ ಮಾಡ್ಕೋಬೇಕು ಅಂತ ನನಗಿನ್ನೂ ತಿಳೀತಿಲ್ಲ" ಎಂದ ಅವನು, ಕಿಟಕಿಯ ಜಾಲರಿಯ ಹತ್ತಿರ ಬಂದು. "ನಿನ್ನ ಮೇಲಂತೂ ಅಲ್ಲ."